ಮೊದಲ ಮಾತು ಮಂಚದ ಮೇಲಿರುವವರ ಜೊತೆ: ತಾಲ್ಲೂಕು ಆಸ್ಪತ್ರೆಯ ನರ್ಸುಗಳಿಗೊಂದು ನೀತಿ ಕೈಪಿಡಿ

ಮೈಸೂರು ಜಿಲ್ಲೆಯ ನಂಜನಗೂಡಿನಲ್ಲಾಗಲಿ, ತಿ. ನರಸೀಪುರದಲ್ಲಾಗಲಿ, ಆಸ್ಪತ್ರೆಗೆ ರೋಗಿ ಒಬ್ಬರೇ ಬರುವುದು ಅಪರೂಪ. ಜೊತೆಗೆ ಅತ್ತೆ, ಭಾವ, ಪಕ್ಕದ ಮನೆಯವರು, ಕೆಲವೊಮ್ಮೆ ಗ್ರಾಮ ಪಂಚಾಯಿತಿ ಸದಸ್ಯರೂ ಇರುತ್ತಾರೆ. ನೋವು ಎಲ್ಲಿ ಎಂದು ಸೊಸೆಯನ್ನು ಕೇಳಿದರೆ ಉತ್ತರ ಅತ್ತೆಯಿಂದ ಬರುತ್ತದೆ. ಆಪರೇಷನ್‌ಗೆ ಒಪ್ಪಿಗೆ ಕೇಳಿದರೆ ಗಂಡ ಪೆನ್ನು ತೆಗೆಯುತ್ತಾನೆ. ಈ ಜನ ನಮ್ಮ ಊರುಗಳ ದೊಡ್ಡ ಬಲ. ರಾತ್ರಿಯೆಲ್ಲ ಎಚ್ಚರವಿದ್ದು ಕಾಯುವವರು, ರಕ್ತ ಬೇಕೆಂದರೆ ಮೈಸೂರಿಗೆ ಓಡುವವರು ಇವರೇ. ಆದರೆ ಈ ಗುಂಪಿನ ನಡುವೆ ಹಾಸಿಗೆಯಲ್ಲಿರುವವರ ಮಾತು ಕೇಳಿಸದೆ ಹೋಗುತ್ತದೆ. ಅದನ್ನು ಕೇಳಿಸಿಕೊಳ್ಳಬೇಕಾದವರು ನರ್ಸು. ಡಾಕ್ಟರು ದಿನಕ್ಕೆ ಒಂದೆರಡು ಸಲ ರೌಂಡ್ಸ್‌ಗೆ ಬಂದು ಹೋಗುತ್ತಾರೆ. ಇಡೀ ಶಿಫ್ಟ್ ಪಕ್ಕದಲ್ಲಿರುವವರು ನರ್ಸುಗಳು.

ನರ್ಸಿಂಗ್ ಪಠ್ಯದಲ್ಲಿ ನೀತಿಶಾಸ್ತ್ರಕ್ಕೆ ಒಂದು ಅಧ್ಯಾಯವಿದೆ. ಪರೀಕ್ಷೆ ಮುಗಿದ ಮೇಲೆ ಅದನ್ನು ತೆರೆಯುವವರು ಕಡಿಮೆ. ಕಷ್ಟದ ಸಂದರ್ಭಗಳು ಎದುರಾಗುವುದು ಮಾತ್ರ ಕೆಲಸಕ್ಕೆ ಸೇರಿದ ಮೇಲೆ. ಆ ಅಧ್ಯಾಯವನ್ನು ನಮ್ಮ ವಾರ್ಡುಗಳಿಗೆ ತಂದು ಓದುವ ಪ್ರಯತ್ನ ಇದು. ಕಲಿಯುತ್ತಿರುವವರಿಗೆ, ಕೆಲಸದಲ್ಲಿರುವವರಿಗೆ, ಆಸ್ಪತ್ರೆಗೆ ಬರುವ ಮನೆಯವರಿಗೂ ಇದು ಉಪಯೋಗಕ್ಕೆ ಬಂದರೆ ಸಾರ್ಥಕ.

ಸಿದ್ಧಾಂತಗಳು: ಒಂದು ರಾತ್ರಿಯ ಉದಾಹರಣೆ

ಒಂದು ಸಂದರ್ಭ ನೋಡೋಣ. ಪುರುಷರ ವಾರ್ಡಿನಲ್ಲಿ ಎಪ್ಪತ್ತು ದಾಟಿದ ಅಜ್ಜ. ಜ್ವರ ಏರಿ ಗೊಂದಲವಾಗಿದೆ, ಕೈಯ ಡ್ರಿಪ್ ಕಿತ್ತು ಹಾಕುತ್ತಿದ್ದಾರೆ. ರಾತ್ರಿ ಪಾಳಿಯಲ್ಲಿ ನರ್ಸು ಒಬ್ಬರೇ. ಮಗ ಹೇಳುತ್ತಾನೆ: "ಕೈ ಕಟ್ಬುಡಿ ಸಿಸ್ಟರ್, ಇಲ್ದಿದ್ರೆ ನಿಮ್ಗೂ ತಾಪತ್ರಯ." ಕಟ್ಟಬೇಕೆ, ಬೇಡವೇ?

ಫಲ ನೋಡಿ ತೀರ್ಮಾನಿಸುವುದು ಒಂದು ದಾರಿ. ಇಂಗ್ಲೆಂಡಿನ ಬೆಂಥಮ್ ಮತ್ತು ಮಿಲ್ ಹೇಳಿದ ಉಪಯುಕ್ತತಾವಾದ ಇದು. ಕೈ ಕಟ್ಟಿದರೆ ಔಷಧಿ ದೇಹಕ್ಕೆ ಸೇರುತ್ತದೆ, ಉಳಿದ ರೋಗಿಗಳನ್ನು ನೋಡಲು ಸಮಯ ಸಿಗುತ್ತದೆ. ಕರ್ತವ್ಯ ನೋಡಿ ತೀರ್ಮಾನಿಸುವುದು ಎರಡನೆಯದು. ಜರ್ಮನಿಯ ಕಾಂಟ್ ಪ್ರಕಾರ ಮನುಷ್ಯನನ್ನು ಬರೀ ಸಾಧನವಾಗಿ ಬಳಸಬಾರದು. ನಮ್ಮ ಕೆಲಸ ಸುಲಭವಾಗಲಿ ಎಂದು ಒಬ್ಬರ ಕೈ ಕಟ್ಟುವುದು ತಪ್ಪು. ಮೂರನೆಯದು ಅರಿಸ್ಟಾಟಲ್‌ನಿಂದ ಬಂದ ಸದ್ಗುಣದ ದಾರಿ: ಒಳ್ಳೆಯ ನರ್ಸು ಈ ಹೊತ್ತಿನಲ್ಲಿ ಹೇಗೆ ನಡೆದುಕೊಳ್ಳುತ್ತಾರೆ? ನಾಲ್ಕನೆಯದು ಆರೈಕೆಯ ನೀತಿ. 1982ರಲ್ಲಿ ಅಮೆರಿಕದ ಕ್ಯಾರಲ್ ಗಿಲಿಗನ್ ಬರೆದ ಪುಸ್ತಕದಿಂದ ಬೆಳೆದ ಈ ಚಿಂತನೆ, ನಿಯಮಕ್ಕಿಂತ ಸಂಬಂಧವನ್ನು ಮುಂದಿಟ್ಟು ಕೇಳುತ್ತದೆ: ಅಜ್ಜನಿಗೆ ಈಗ ಏನು ಭಯ? ಯಾರು ಪಕ್ಕದಲ್ಲಿದ್ದರೆ ಅದು ಇಳಿಯುತ್ತದೆ?

ನಾಲ್ಕನ್ನೂ ಒಟ್ಟಿಗೆ ಇಟ್ಟರೆ ದಾರಿ ಕಾಣುತ್ತದೆ. ಮೊದಲು ಮೂತ್ರ ಕಟ್ಟಿದೆಯೇ, ಬಾಯಿ ಒಣಗಿದೆಯೇ, ಸೂಜಿ ಚುಚ್ಚಿದಲ್ಲಿ ಊತವಿದೆಯೇ ಎಂದು ನೋಡಿ. ಮಗನನ್ನು ಹಾಸಿಗೆಯ ಪಕ್ಕದಲ್ಲಿ ಕೂರಿಸಿ, ಅಪ್ಪನ ಕೈ ಹಿಡಿದುಕೊಳ್ಳಲು ಹೇಳಿ. ದೀಪ ಪೂರ್ತಿ ಆರಿಸಬೇಡಿ. ಡ್ರಿಪ್ ಹಾಕಿದ ಜಾಗಕ್ಕೆ ಬ್ಯಾಂಡೇಜ್ ಸುತ್ತಿ. ಡ್ಯೂಟಿ ಡಾಕ್ಟರಿಗೆ ತಿಳಿಸಿ. ಇಷ್ಟರಲ್ಲಿ ಹೆಚ್ಚಿನ ಸಲ ಕಟ್ಟುವ ಅಗತ್ಯ ಬೀಳುವುದಿಲ್ಲ. ಬಿದ್ದರೆ ಡಾಕ್ಟರ ಲಿಖಿತ ಆದೇಶ ಬೇಕು. ಕಟ್ಟು ಮೃದುವಾಗಿರಬೇಕು, ಅವಧಿ ಆದಷ್ಟು ಕಡಿಮೆ ಇರಬೇಕು, ಆಗಾಗ ಬಿಚ್ಚಿ ಚರ್ಮ ಮತ್ತು ರಕ್ತಸಂಚಾರ ನೋಡಬೇಕು, ಎಲ್ಲವನ್ನೂ ಕೇಸ್ ಶೀಟಿನಲ್ಲಿ ಬರೆಯಬೇಕು.

1979ರಲ್ಲಿ ಅಮೆರಿಕದ ಚಿಂತಕರಾದ ಬೀಚಮ್ ಮತ್ತು ಚಿಲ್ಡ್ರೆಸ್ ತಮ್ಮ ಗ್ರಂಥದಲ್ಲಿ ದಿನಬಳಕೆಗೆ ಒದಗುವ ನಾಲ್ಕು ತತ್ವಗಳನ್ನು ಮುಂದಿಟ್ಟರು: ರೋಗಿಯ ಸ್ವನಿರ್ಧಾರ, ಒಳಿತು ಮಾಡುವುದು, ಕೇಡು ಮಾಡದಿರುವುದು, ನ್ಯಾಯ. ಇಂದು ವೈದ್ಯಕೀಯ ಮತ್ತು ನರ್ಸಿಂಗ್ ತರಗತಿಗಳಲ್ಲಿ ಕಲಿಸುವುದು ಇವನ್ನೇ. ನಮ್ಮ ನೆಲದಲ್ಲೂ ಈ ಯೋಚನೆ ಹಳೆಯದು. ಚರಕ ಸಂಹಿತೆ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಪರಿಚಾರಕರಿಗೆ ಇರಬೇಕಾದ ಗುಣಗಳೂ ನಾಲ್ಕು: ಉಪಚಾರದ ತಿಳಿವಳಿಕೆ, ದಕ್ಷತೆ, ರೋಗಿಯ ಮೇಲೆ ಪ್ರೀತಿ, ಶುಚಿತ್ವ. ಅಲ್ಲಿ ಪ್ರೀತಿಗೂ ದಕ್ಷತೆಗೂ ಒಂದೇ ಸಾಲಿನಲ್ಲಿ ಜಾಗ ಸಿಕ್ಕಿದೆ. ಕಾಳಜಿಯಿದ್ದೂ ಕೆಲಸ ಬಾರದಿದ್ದರೆ ರೋಗಿಗೆ ಅಪಾಯ. ಕೆಲಸ ಬಂದೂ ಕಾಳಜಿ ಇಲ್ಲದಿದ್ದರೆ ರೋಗಿಗೆ ಅವಮಾನ.

ಒಪ್ಪಿಗೆ ಯಾರದ್ದು?

ಹದಿನೆಂಟು ತುಂಬಿದ, ಪ್ರಜ್ಞೆ ಸರಿಯಿರುವ ರೋಗಿಯ ಚಿಕಿತ್ಸೆಗೆ ಒಪ್ಪಿಗೆ ಕೊಡಬೇಕಾದವರು ಆ ರೋಗಿಯೇ. ಮದುವೆಯಾಗಿದ್ದರೂ ಅಷ್ಟೇ. ಸಂತಾನಹರಣ ಶಸ್ತ್ರಚಿಕಿತ್ಸೆಗೆ ಗಂಡನ ಸಹಿ ಕಡ್ಡಾಯವಲ್ಲ ಎಂದು ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿ ಹೇಳುತ್ತದೆ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯ ಪ್ರಕಾರ ವಯಸ್ಕ ಮಹಿಳೆಯ ಒಪ್ಪಿಗೆಯೊಂದೇ ಸಾಕು. ಆದರೂ ಗಂಡನ ಸಹಿ ಕೇಳುವುದು ಹಲವೆಡೆ ರೂಢಿಯಾಗಿಬಿಟ್ಟಿದೆ. ಮನೆಯವರು ಜೊತೆಯಲ್ಲಿರಲಿ, ಅವರಿಗೂ ವಿಷಯ ತಿಳಿಯಲಿ; ರೋಗಿಗೆ ಅದಕ್ಕೆ ಒಪ್ಪಿಗೆಯಿದ್ದರೆ ಒಳ್ಳೆಯದೇ. ಆದರೆ ಅವರ ಸಹಿ ರೋಗಿಯ ಸಹಿಗೆ ಬದಲಿಯಲ್ಲ.

2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ವಿಷಯ ಸ್ಪಷ್ಟಪಡಿಸಿತು. ಒಂದು ಪರೀಕ್ಷೆಗೆ ಪಡೆದ ಒಪ್ಪಿಗೆ ಇನ್ನೊಂದು ಶಸ್ತ್ರಚಿಕಿತ್ಸೆಗೆ ಅನ್ವಯಿಸುವುದಿಲ್ಲ. ಜೀವಕ್ಕೆ ಅಪಾಯವಿರುವ ತುರ್ತಿನಲ್ಲಿ ಮಾತ್ರ ಈ ನಿಯಮಕ್ಕೆ ವಿನಾಯಿತಿ.

ಚಿಕಿತ್ಸೆ ಏನು, ಅಪಾಯ ಏನು, ಬೇರೆ ದಾರಿ ಏನು ಎಂದು ವಿವರಿಸುವುದು ಡಾಕ್ಟರ ಹೊಣೆ. ಅದು ರೋಗಿಗೆ ಅರ್ಥವಾಗಿದೆಯೇ ಎಂದು ನೋಡಿಕೊಳ್ಳುವುದು ನರ್ಸಿನ ಕೆಲಸ. ಅದಕ್ಕೆ ಸುಲಭ ಉಪಾಯವಿದೆ. "ಅರ್ಥ ಆಯ್ತೇನವ್ವ?" ಎಂದು ಕೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. "ನಾಳೆ ನಿಮಗೆ ಏನು ಮಾಡ್ತಾರೆ ಅಂತ ನನಗೊಂಚೂರು ಹೇಳಿ ನೋಡೋಣ" ಎಂದು ಕೇಳಿ. ಅವರ ಬಾಯಿಂದಲೇ ಬಂದರೆ ಅರ್ಥವಾಗಿದೆ ಎಂದು ತಿಳಿಯಬಹುದು. ಬರದಿದ್ದರೆ ಹೆಬ್ಬೆಟ್ಟು ಒತ್ತಿಸುವ ಮೊದಲು ಡಾಕ್ಟರನ್ನು ಮತ್ತೆ ಕರೆಯಿರಿ.

ನಂಬಿಕೆ ಮತ್ತು ಔಷಧಿ

ಟಿಪ್ಪು ಸುಲ್ತಾನನ ಆನೆಯ ಕಣ್ಣು ಗುಣವಾದ್ದರಿಂದ ಆತ ಅಲ್ಲಿನ ದೇವರು ಶ್ರೀಕಂಠೇಶ್ವರನನ್ನು ಹಕೀಂ (ವೈದ್ಯ) ನಂಜುಂಡ ಎಂದು ಕರೆದ ಎಂಬ ಪ್ರತೀತಿ ನಂಜನಗೂಡಿನಲ್ಲಿದೆ. ಕಾಯಿಲೆ ವಾಸಿಯಾಗಲೆಂದು ಶ್ರೀಕಂಠೇಶ್ವರನಿಗೆ ಹರಕೆ ಹೊತ್ತು, ಉರುಳುಸೇವೆ ಮಾಡಿ, ಮುಡಿ ಕೊಡುವವರು ಇಂದಿಗೂ ಬಹಳ. ಇವರೇ ಆಸ್ಪತ್ರೆಗೂ ಬರುತ್ತಾರೆ. ಅವರ ಕೈಯ ದಾರವನ್ನು ಕೇಳದೆ ಕತ್ತರಿಸಬೇಡಿ. ಆಪರೇಷನ್‌ಗೆ ತೆಗೆಯಲೇಬೇಕಾದರೆ ಕಾರಣ ಹೇಳಿ, ಬಿಚ್ಚಿ ಮನೆಯವರ ಕೈಗೆ ಕೊಡಿ. ಅರಿವಳಿಕೆಗೆ ಮುಂಚೆ ಹೊಟ್ಟೆ ಖಾಲಿ ಇರಬೇಕೆಂದು ಹೇಳುವಾಗ ತೀರ್ಥವನ್ನೂ ಕುಡಿಸಬಾರದು ಎಂದು ಬಿಡಿಸಿ ಹೇಳಿ. ಬೇಕಿದ್ದರೆ ತಲೆಗೆ ಪ್ರೋಕ್ಷಿಸಬಹುದು. ಹರಕೆಯ ಕಾರಣಕ್ಕೆ ಚಿಕಿತ್ಸೆ ಮುಂದೂಡುವವರನ್ನು ಹೀಯಾಳಿಸಿದರೆ ಅವರು ಮತ್ತೆ ಬರುವುದಿಲ್ಲ. "ಹರಕೆಯೂ ಇರಲಿ, ಮಾತ್ರೆಯೂ ನಡೀಲಿ" ಎಂದರೆ ಬರುತ್ತಾರೆ.

ಗುಟ್ಟು ಕಾಯುವುದು: 2020ರ ಪಾಠ

2020ರ ಮಾರ್ಚ್ ಕೊನೆಯಲ್ಲಿ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಕೊರೊನಾ ಕಾಣಿಸಿತು. ಒಬ್ಬರಿಂದ ಆರಂಭವಾಗಿ ಎಪ್ಪತ್ತಕ್ಕೂ ಹೆಚ್ಚು ಜನಕ್ಕೆ ಹಬ್ಬಿತು. ಊರಿಗೆ ಊರೇ ಸೀಲ್ ಆಯಿತು. ಸರ್ಕಾರದ ಪ್ರಕಟಣೆಗಳಲ್ಲಿ ಆ ಮೊದಲ ರೋಗಿ ಪಿ-52 ಎಂಬ ಸಂಖ್ಯೆ ಮಾತ್ರ. ಹೆಸರಿನ ಜಾಗದಲ್ಲಿ ಸಂಖ್ಯೆ ಇಟ್ಟದ್ದು ಮರ್ಯಾದೆ ಕಾಯುವ ಕ್ರಮ. ಅದೇ ತಿಂಗಳು ರಾಜ್ಯದಲ್ಲಿ ಮನೆ ಕ್ವಾರಂಟೈನ್‌ನಲ್ಲಿದ್ದವರ ವಿಳಾಸಗಳ ಪಟ್ಟಿಯೂ ಬಹಿರಂಗವಾಯಿತು. ಕೈಗೆ ಮುದ್ರೆ, ಬಾಗಿಲಿಗೆ ಚೀಟಿ ಬಂದವು. ಜನರ ಆರೋಗ್ಯ ಕಾಯುವುದು ಮತ್ತು ಒಬ್ಬರ ಗುಟ್ಟು ಕಾಯುವುದು, ಈ ಎರಡು ಕರ್ತವ್ಯಗಳು ಎದುರುಬದುರಾದ ದಿನಗಳವು. ಸೋಂಕು ತಡೆಯಲು ಸಂಪರ್ಕಿತರನ್ನು ಹುಡುಕಬೇಕು, ನಿಜ. ಅದಕ್ಕೆ ಆರೋಗ್ಯ ಸಿಬ್ಬಂದಿಗೆ ಮಾಹಿತಿ ಸಿಕ್ಕರೆ ಸಾಕು, ಬೀದಿಗೆಲ್ಲ ಸಿಗಬೇಕಿಲ್ಲ. ಯಾರಿಗೆ ಗೊತ್ತಾಗಲೇಬೇಕೋ ಅವರಿಗೆ, ಎಷ್ಟು ಬೇಕೋ ಅಷ್ಟೇ: ಈ ಅಳತೆ ಎಲ್ಲ ಕಾಯಿಲೆಗೂ ಸರಿ.

ಚಿಕ್ಕ ಊರಿನಲ್ಲಿ ಗುಟ್ಟು ಸೋರುವುದು ಸುಲಭ. ನರ್ಸು, ರೋಗಿ, ಔಷಧಿ ಅಂಗಡಿಯವರು ಒಂದೇ ಬಸ್ಸಿನಲ್ಲಿ ಓಡಾಡುವವರು. ಅದಕ್ಕೆ ಕೆಲವು ಕಟ್ಟುನಿಟ್ಟುಗಳು:

• ಕಾಯಿಲೆಯ ಹೆಸರನ್ನು ವಾರ್ಡಿನ ನಡುವೆ ಕೂಗಿ ಹೇಳಬೇಡಿ. ಪಾಳಿ ಬದಲಾಗುವಾಗಲೂ ಮೆಲುದನಿಯಲ್ಲಿ ತಿಳಿಸಿ.

• ಎಚ್‌ಐವಿ ಪರೀಕ್ಷೆಗೆ ಒಪ್ಪಿಗೆ ಬೇಕು, ಫಲಿತಾಂಶ ಗೋಪ್ಯವಾಗಿರಬೇಕು ಎಂದು 2017ರ ಎಚ್‌ಐವಿ ಕಾಯ್ದೆ ಹೇಳುತ್ತದೆ. ಕೇಸ್ ಶೀಟಿನ ಮೇಲೆ ಕೆಂಪು ಗುರುತು, ಮಂಚಕ್ಕೆ ಚೀಟಿ ಸಲ್ಲದು. ಸಂಗಾತಿಗೆ ತಿಳಿಸುವ ವಿಷಯ ಡಾಕ್ಟರು ಮತ್ತು ಆಪ್ತಸಮಾಲೋಚಕರ ಮೂಲಕ, ಕಾನೂನಿನ ಕ್ರಮದಲ್ಲೇ ನಡೆಯಬೇಕು. ಎಲ್ಲ ರೋಗಿಗಳ ರಕ್ತವನ್ನೂ ಗ್ಲೌಸ್ ಹಾಕಿಯೇ ಮುಟ್ಟುವವರಿಗೆ ಒಬ್ಬರನ್ನು ಗುರುತಿಸುವ ಅಗತ್ಯ ಬೀಳದು.

• ರೋಗಿಯ ಫೋಟೊ, ಎಕ್ಸ್‌ರೇ, ಗಾಯದ ವಿಡಿಯೊ ಸ್ವಂತ ಮೊಬೈಲಿನಲ್ಲಿ ಬೇಡ, ವಾಟ್ಸ್ಆ್ಯಪ್ ಗುಂಪಿನಲ್ಲಂತೂ ಬೇಡವೇ ಬೇಡ. 2022–23ರಲ್ಲಿ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ಜನ ಬಲಿಯಾದಾಗ ಇಡೀ ರಾಜ್ಯದ ಕಣ್ಣು ಇತ್ತ ನೆಟ್ಟಿತ್ತು. ಅಂಥ ಹೊತ್ತಿನಲ್ಲಿ ಮೃತರ ದೇಹಕ್ಕೆ ಬಟ್ಟೆ ಮುಚ್ಚಿ, ಮೊಬೈಲುಗಳನ್ನು ದೂರವಿಡಿಸುವುದೂ ಶುಶ್ರೂಷೆಯೇ. ಸತ್ತ ಮೇಲೂ ಮಾನ ಮುಗಿಯುವುದಿಲ್ಲ.

ಗುಟ್ಟಿಗೆ ಮಿತಿಯೂ ಉಂಟು. ತಾಯಿ ಕಾರ್ಡ್ ಮಾಡಿಸಲು ಬಂದ ಗರ್ಭಿಣಿ ಹುಡುಗಿಗೆ ಇನ್ನೂ ಹದಿನೆಂಟು ತುಂಬಿಲ್ಲ ಎಂದು ಗೊತ್ತಾದರೆ ಸುಮ್ಮನಿರುವಂತಿಲ್ಲ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ವರದಿ ಮಾಡುವುದು ಕಡ್ಡಾಯ, ಮಾಡದಿರುವುದು ಅಪರಾಧ. ಮನೆಯವರು "ಮದುವೆಯಾಗಿದೆ" ಎಂದರೂ ನಿಯಮ ಬದಲಾಗದು. ವರದಿಯ ನೆಪದಲ್ಲಿ ಚಿಕಿತ್ಸೆ ತಡವಾಗಬಾರದು, ಆ ಹುಡುಗಿಗೆ ಚುಚ್ಚುಮಾತು ಬೀಳಬಾರದು. ಮಕ್ಕಳ ಸಹಾಯವಾಣಿ 1098.

"ಅವ್ವಂಗೆ ಹೇಳ್ಬೇಡಿ ಸಿಸ್ಟರ್"

ಕ್ಯಾನ್ಸರ್ ಎಂದು ಗೊತ್ತಾದ ದಿನ ಮಕ್ಕಳು ನರ್ಸಿನ ಟೇಬಲ್ಲಿಗೆ ಬಂದು ಇದೇ ಮಾತು ಹೇಳುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ಅವರನ್ನು ಗದರಬೇಡಿ, ಮಾತು ಕೊಟ್ಟುಬಿಡಲೂ ಬೇಡಿ. "ನಾನಾಗಿ ಹೇಳಲ್ಲ, ಆದ್ರೆ ಅಮ್ಮನೇ ಕೇಳಿದ್ರೆ ಸುಳ್ಳು ಹೇಳಕ್ಕಾಗಲ್ಲ" ಎನ್ನಿ. ರೋಗದ ನಿರ್ಣಯ ತಿಳಿಸುವುದು ಡಾಕ್ಟರ ಕೆಲಸ. ರೋಗಿ ಎಷ್ಟು ತಿಳಿಯಬಯಸುತ್ತಾರೆ ಎಂದು ಪತ್ತೆ ಮಾಡಿ ಡಾಕ್ಟರಿಗೆ ಹೇಳುವುದು ನಿಮ್ಮದು. "ನಿಮ್ಮ ಕಾಯಿಲೆ ಬಗ್ಗೆ ಎಲ್ಲಾ ನಿಮಗೇ ಹೇಳ್ಬೇಕಾ, ಇಲ್ಲಾ ಮಕ್ಕಳಿಗೆ ಹೇಳಿದ್ರೆ ಸಾಕಾ?" ಎಂದು ಅವರನ್ನೇ ಕೇಳಿ. "ಮಗನಿಗೆ ಹೇಳಿ, ನಂಗ್ಯಾಕೆ" ಎಂದರೆ ಅದೂ ಅವರದೇ ನಿರ್ಧಾರ. ಆದರೆ ಗದ್ದೆಯ ಪಾಲು, ಮಗಳ ಮದುವೆ, ಯಾರಿಗೋ ಕೊಡಬೇಕಾದ ಸಾಲ ಹೀಗೆ ಮುಗಿಸಬೇಕಾದ ಕೆಲಸಗಳು ಎಷ್ಟೋ ಜನಕ್ಕೆ ಇರುತ್ತವೆ. ವಿಷಯ ಮುಚ್ಚಿಟ್ಟರೆ ಆ ಅವಕಾಶವನ್ನೇ ಕಿತ್ತುಕೊಂಡಂತಾಗುತ್ತದೆ.

ವಿಷ ಕುಡಿದು ಬಂದವರು

ಭತ್ತ, ಕಬ್ಬಿನ ಸೀಮೆಯಲ್ಲಿ ಕ್ರಿಮಿನಾಶಕ ಮನೆಮನೆಯಲ್ಲೂ ಕೈಗೆ ಸಿಗುತ್ತದೆ. ಕುಡಿದು ಬಂದವರಿಗೆ ಆಸ್ಪತ್ರೆಯಲ್ಲಿ ಚಿಕಿತ್ಸೆಗಿಂತ ಮೊದಲು ಬೈಗುಳ ಸಿಗುವುದುಂಟು. 2017ರ ಮಾನಸಿಕ ಆರೋಗ್ಯ ಕಾಯ್ದೆ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು ಎನ್ನುತ್ತದೆ. 2024ರ ಜುಲೈನಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಆತ್ಮಹತ್ಯೆ ಯತ್ನವನ್ನು ಅಪರಾಧವೆನ್ನುತ್ತಿದ್ದ ಹಳೆಯ 309ನೇ ಕಲಮೂ ಇಲ್ಲ. ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ವೈದ್ಯಕೀಯ-ಕಾನೂನು ಪ್ರಕರಣದ ದಾಖಲೆ) ಬರೆಯಬೇಕು, ಬರೆಯಿರಿ. ಆದರೆ ಎದುರಿಗಿರುವವರು ಅಪರಾಧಿಯಲ್ಲ. ಗ್ಲೌಸ್ ಹಾಕಿ ಕ್ರಿಮಿನಾಶಕ ತಗುಲಿದ ಬಟ್ಟೆ ತೆಗೆದು, ಮೈ ಸೋಪಿನಿಂದ ತೊಳೆಯಿರಿ. ಪರದೆ ಎಳೆದುಕೊಳ್ಳುವುದನ್ನು ಮರೆಯಬೇಡಿ. ಜೀವ ಉಳಿದ ಮೇಲೆ ಒಬ್ಬರನ್ನೇ ಬಿಡಬೇಡಿ, ಆಪ್ತಸಮಾಲೋಚನೆಗೆ ದಾರಿ ತೋರಿಸಿ. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಹೆರಿಗೆ ಕೋಣೆಯ ಘನತೆ

ನೋವಿನಲ್ಲಿ ಕೂಗುವ ಗರ್ಭಿಣಿಗೆ ಏಟು, ಹೀನ ಮಾತು ಎಲ್ಲೇ ನಡೆದರೂ ಅದು ಹಿಂಸೆ. ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ 'ಲಕ್ಷ್ಯ' ಕಾರ್ಯಕ್ರಮ ಹೆರಿಗೆ ಕೋಣೆಯಲ್ಲಿ ಗೌರವದ ಆರೈಕೆಯನ್ನು, ಜೊತೆಗೆ ಒಬ್ಬ ಸಂಗಾತಿಯನ್ನು ಬಿಡುವುದನ್ನು ಗುಣಮಟ್ಟದ ಭಾಗವಾಗಿಸಿದೆ. ಮಗು ಹುಟ್ಟಿದ ಖುಷಿಗೆ ಕಾಸು ಕೇಳುವ ಚಾಳಿ ಇನ್ನೊಂದು ಕಳಂಕ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ಊಟ, ಪ್ರಯಾಣ ಎಲ್ಲವೂ ಉಚಿತ. ಕೂಲಿ ಬಿಟ್ಟು ಬಂದವರ ಕೈಯಿಂದ ಪಡೆದ ಹಣ ಖುಷಿಯದ್ದಲ್ಲ, ಭಯದ್ದು. ಮಗುವನ್ನು ಚೆನ್ನಾಗಿ ನೋಡಿಕೊಳ್ಳದಿದ್ದರೆ ಎಂಬ ಭಯ.

ಗಂಡೋ ಹೆಣ್ಣೋ ಎಂದು ಹೊಟ್ಟೆಯಲ್ಲಿದ್ದಾಗಲೇ ತಿಳಿಸುವುದು 1994ರ ಕಾಯ್ದೆಯಡಿ ಅಪರಾಧ. 2023ರ ನವೆಂಬರಿನಲ್ಲಿ ಬಯಲಾದ ಹೆಣ್ಣುಭ್ರೂಣ ಹತ್ಯೆ ಜಾಲದ ಸ್ಕ್ಯಾನಿಂಗ್ ನಡೆಯುತ್ತಿದ್ದದ್ದು ಪಕ್ಕದ ಮಂಡ್ಯದ ಆಲೆಮನೆಯೊಂದರಲ್ಲಿ. ಮೈಸೂರಿನ ಖಾಸಗಿ ಆಸ್ಪತ್ರೆಯ ಸಿಬ್ಬಂದಿಯೂ ಆರೋಪಿಗಳ ಸಾಲಿನಲ್ಲಿದ್ದರು. "ಡಾಕ್ಟರು ಹೇಳಿದರು, ಮಾಡಿದೆ" ಎಂಬುದು ನರ್ಸನ್ನು ಕಾನೂನಿನಿಂದಲೂ ಕಾಯದು, ಆತ್ಮಸಾಕ್ಷಿಯಿಂದಲೂ ಕಾಯದು. ಅನ್ಯಾಯದ ಆದೇಶಕ್ಕೆ ಆಗುವುದಿಲ್ಲ ಎನ್ನುವುದು ನಿಮ್ಮ ವೃತ್ತಿಧರ್ಮದ ಭಾಗ.

ಯಾರಿಗೆ ಮೊದಲು?

ಒಂದು ಹಾಸಿಗೆ, ಇಬ್ಬರು ರೋಗಿಗಳು. ಒಬ್ಬರ ಕಡೆಯಿಂದ ಪ್ರಭಾವಿಗಳ ಫೋನು ಬಂದಿದೆ, ಇನ್ನೊಬ್ಬರಿಗೆ ಉಸಿರು ಸಿಕ್ಕುತ್ತಿಲ್ಲ. ನ್ಯಾಯದ ತತ್ವ ಹೇಳುವುದು ಒಂದೇ: ಹೆಚ್ಚು ಅಪಾಯದಲ್ಲಿರುವವರು ಮೊದಲು. 2021ರ ಮೇ ಆರಂಭದಲ್ಲಿ ಆಮ್ಲಜನಕದ ಕೊರತೆಯ ನಡುವೆ ಚಾಮರಾಜನಗರ ಜಿಲ್ಲಾಸ್ಪತ್ರೆಯಲ್ಲಿ ಒಂದೇ ದಿನದಲ್ಲಿ 24 ಜನ ಸತ್ತ ದುರಂತ ನಂಜನಗೂಡಿನಿಂದ ದೂರದ್ದಲ್ಲ. ಅಂಥ ಕೊರತೆಯ ಹೊಣೆ ಪಾಳಿಯಲ್ಲಿರುವ ನರ್ಸಿನದ್ದಲ್ಲ. ಆದರೆ ಸಿಲಿಂಡರ್ ಎಷ್ಟು ಉಳಿದಿದೆ ಎಂದು ಪಾಳಿಪಾಳಿಗೂ ಬರೆದಿಟ್ಟು, ಕಡಿಮೆಯಾಗುವ ಮೊದಲೇ ಲಿಖಿತವಾಗಿ ಮೇಲಿನವರಿಗೆ ತಿಳಿಸುವುದು ನರ್ಸಿನ ಕೈಯಲ್ಲಿದೆ.

ಜಾತಿಯ ಮಾತು ತೆಗೆಯದೆ ನ್ಯಾಯದ ಮಾತು ಪೂರ್ತಿಯಾಗದು. 1993ರ ಬದನವಾಳು ದಲಿತರ ಹತ್ಯೆಗಳ ನೆನಪಿರುವ ತಾಲ್ಲೂಕು ನಂಜನಗೂಡು. ಹೆಸರು, ಊರು, ಕೇರಿ ಕೇಳಿ ದನಿ ಬದಲಾಗುವುದನ್ನು ರೋಗಿಗಳು ಕೂಡಲೇ ಗುರುತಿಸುತ್ತಾರೆ. ಮಾತ್ರೆಯನ್ನು ಒಬ್ಬರ ಕೈಗೆ ಕೊಟ್ಟು, ಇನ್ನೊಬ್ಬರ ಮಂಚದ ಮೇಲೆ ಎಸೆಯುವುದು ಯಾವ ದಾಖಲೆಯಲ್ಲೂ ಕಾಣದು. ಎಸೆಯಿಸಿಕೊಂಡವರು ಮಾತ್ರ ಮರೆಯರು.

ತಪ್ಪಾದರೆ

ಸರಿಯಾದ ರೋಗಿ, ಔಷಧಿ, ಪ್ರಮಾಣ, ಮಾರ್ಗ, ಸಮಯ: ಈ ಐದನ್ನೂ ನೋಡಿದ ಮೇಲೂ ದಣಿದ ಪಾಳಿಯಲ್ಲಿ ತಪ್ಪಾಗಬಹುದು. ಆಗ ಮೊದಲು ರೋಗಿಯ ನಾಡಿ, ಬಿಪಿ, ಉಸಿರು ನೋಡಿ. ತಕ್ಷಣ ಡಾಕ್ಟರಿಗೆ ಹೇಳಿ. ಆದದ್ದನ್ನು ಆದ ಹಾಗೆಯೇ ಬರೆಯಿರಿ. ಕೇಸ್ ಶೀಟಿನ ಹಾಳೆ ಬದಲಾಯಿಸುವುದು ಮೊದಲ ತಪ್ಪಿಗಿಂತ ದೊಡ್ಡ ಅಪರಾಧ. ಒಪ್ಪಿಕೊಂಡವರನ್ನು ಎಲ್ಲರೆದುರು ಅವಮಾನಿಸುವ ಮೇಲಧಿಕಾರಿಗಳು ಮುಂದಿನ ತಪ್ಪನ್ನು ಮುಚ್ಚಿಡುವುದನ್ನು ತಾವೇ ಕಲಿಸಿದಂತೆ.

ಹಳದೀಪುರದ ಅರುಣಾ

ನರ್ಸಿಂಗ್ ನೀತಿಯ ಕುರಿತು ಕನ್ನಡದಲ್ಲಿ ಬರೆಯುವಾಗ ಅರುಣಾ ಶಾನಭಾಗರ ಹೆಸರು ಬಿಡಲಾಗದು. ಹೊನ್ನಾವರ ತಾಲ್ಲೂಕಿನ ಹಳದೀಪುರದ ಈ ಯುವತಿ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸು. 1973ರ ನವೆಂಬರ್ 27ರಂದು ಅಲ್ಲಿನ ವಾರ್ಡ್ ಬಾಯ್ ನಡೆಸಿದ ದೌರ್ಜನ್ಯದಿಂದ ಮೆದುಳಿಗೆ ಪೆಟ್ಟಾಗಿ, 2015ರ ಮೇ 18ರಂದು ಕೊನೆಯುಸಿರೆಳೆಯುವವರೆಗೆ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ನಾಲ್ಕು ದಶಕ ಅವರನ್ನು ನೋಡಿಕೊಂಡವರು ಅಲ್ಲಿನ ನರ್ಸುಗಳು, ಒಂದು ತಲೆಮಾರಿನಿಂದ ಇನ್ನೊಂದಕ್ಕೆ. ಹಾಸಿಗೆ ಹುಣ್ಣಾಗದಂತೆ ಕಾಪಾಡಿದ್ದನ್ನು ದೇಶವೇ ಕೊಂಡಾಡಿತು. ದಯಾಮರಣ ಕೋರಿ ಲೇಖಕಿ ಪಿಂಕಿ ವಿರಾನಿ ಹಾಕಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2011ರ ಮಾರ್ಚ್ 7ರಂದು ತಿರಸ್ಕರಿಸಿತು. ಅವರ ಪರವಾಗಿ ಮಾತಾಡುವ ಅಧಿಕಾರ, ಆರೈಕೆ ಮಾಡಿದ ಸಿಬ್ಬಂದಿಗಿದೆ ಎಂದು ನ್ಯಾಯಾಲಯ ಕಂಡುಕೊಂಡಿತು. ಅದೇ ತೀರ್ಪು ಕಟ್ಟಳೆಗಳೊಂದಿಗೆ ನಿಷ್ಕ್ರಿಯ ದಯಾಮರಣಕ್ಕೂ (ಜೀವ ಹಿಡಿದಿಡುವ ಚಿಕಿತ್ಸೆಯನ್ನು ನಿಲ್ಲಿಸುವುದಕ್ಕೂ) ದಾರಿ ತೆರೆಯಿತು.

2018ರಲ್ಲಿ ಸುಪ್ರೀಂ ಕೋರ್ಟ್ ಘನತೆಯ ಸಾವನ್ನು ಹಕ್ಕೆಂದು ಮಾನ್ಯ ಮಾಡಿತು. 2023ರಲ್ಲಿ ಅದರ ವಿಧಾನ ಸರಳವಾಯಿತು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಅದನ್ನು ಜಾರಿಗೊಳಿಸುವ ಸುತ್ತೋಲೆ ಹೊರಡಿಸಿತು. ವಯಸ್ಕರು ಯಾರೇ ಆಗಲಿ, ಮುಂದೆ ಮಾತಾಡಲಾಗದ ಸ್ಥಿತಿ ಬಂದರೆ ತಮಗೆ ಯಾವ ಚಿಕಿತ್ಸೆ ಬೇಡ ಎಂದು ಇಬ್ಬರು ಸಾಕ್ಷಿಗಳ ಮುಂದೆ ಬರೆದು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿ ಇಡಬಹುದು. ರೋಗಿಗಳು ಕೇಳಿದರೆ ಇಷ್ಟನ್ನು ಹೇಳಲು ನರ್ಸಿಗೆ ಗೊತ್ತಿರಬೇಕು.

ಗೊಂದಲವಾದಾಗ ಆರು ಹೆಜ್ಜೆ

1. ನಿಜಾಂಶ ತಿಳಿಯಿರಿ: ಕಾಯಿಲೆ ಏನು, ಎಷ್ಟು ಸಮಯವಿದೆ?

2. ರೋಗಿಯನ್ನು ಕೇಳಿ, ಸಾಧ್ಯವಾದರೆ ಒಂಟಿಯಾಗಿ. "ಸ್ವಲ್ಪ ಹೊತ್ತು ಹೊರಗಿರಿ, ಡ್ರೆಸ್ಸಿಂಗ್ ಮಾಡ್ಬೇಕು" ಎಂದರೆ ಮನೆಯವರು ಬೇಸರಿಸುವುದಿಲ್ಲ.

3. ನಾಲ್ಕು ತತ್ವಗಳಲ್ಲಿ ಯಾವುದಕ್ಕೆ ಯಾವುದು ಅಡ್ಡ ಬರುತ್ತಿದೆ ಎಂದು ಗುರುತಿಸಿ.

4. ಕಾನೂನು ಏನು ಹೇಳುತ್ತದೆ? ಭಾರತೀಯ ನರ್ಸಿಂಗ್ ಪರಿಷತ್ತಿನ ನೀತಿಸಂಹಿತೆ ಏನು ಹೇಳುತ್ತದೆ?

5. ಹಿರಿಯ ನರ್ಸು, ಡಾಕ್ಟರ ಜೊತೆ ಚರ್ಚಿಸಿ. ಒಬ್ಬರೇ ಹೊರಬೇಡಿ.

6. ಮಾಡಿದ್ದನ್ನೂ ಕಾರಣವನ್ನೂ ಬರೆದಿಡಿ. ಆಮೇಲೆ ಫಲ ಏನಾಯಿತು ಎಂದು ನೋಡಿ.

ನರ್ಸಿನ ಘನತೆಯೂ ನೀತಿಯೇ

ಸರಿ ಯಾವುದೆಂದು ಗೊತ್ತಿದ್ದೂ ಮಾಡಲಾಗದಿದ್ದರೆ ಆಗುವ ಸಂಕಟವನ್ನು ಅಮೆರಿಕದ ಚಿಂತಕ ಆ್ಯಂಡ್ರ್ಯೂ ಜೇಮ್ಟನ್ 1984ರಲ್ಲಿ ನೈತಿಕ ಯಾತನೆ ಎಂದು ಗುರುತಿಸಿದರು. ಒಬ್ಬರೇ ಇಡೀ ವಾರ್ಡು ನೋಡುವವರಿಗೆ, ಅಲ್ಪ ಸಂಬಳದ ಗುತ್ತಿಗೆ ನರ್ಸುಗಳಿಗೆ ಇದು ಚೆನ್ನಾಗಿ ಗೊತ್ತು. ಸಿಬ್ಬಂದಿ ಕೊರತೆಯನ್ನು ಬಾಯಿಮಾತಿನಲ್ಲಿ ಬಿಡದೆ ಬರೆದು ಕೊಡಿ. ನಿಮ್ಮ ಮೇಲೆ ಕೈ ಮಾಡಿದವರ ವಿರುದ್ಧ ರಾಜ್ಯದ 2009ರ ಕಾಯ್ದೆ ನಿಮ್ಮ ಬೆನ್ನಿಗಿದೆ. ಮನೆಯವರೂ ಇಷ್ಟು ನೆನಪಿಡಲಿ: ಸಿಸ್ಟರನ್ನು ಏಕವಚನದಲ್ಲಿ ಕೂಗಿದರೆ ಕೆಲಸ ಬೇಗ ಆಗುವುದಿಲ್ಲ. ನಿಮಗೆ ಕೇಳುವ ಹಕ್ಕಿದೆ. ಯಾವ ಔಷಧಿ, ಯಾಕೆ, ಎಷ್ಟು ದಿನ ಎಂದು ಕೇಳಿ. ರೋಗಿ ಮಾತಾಡುವಾಗ ನಡುವೆ ಬಾಯಿ ಹಾಕಬೇಡಿ.

ನಾಳೆ ಪಾಳಿಗೆ ಹೋದಾಗ ಒಂದು ಅಭ್ಯಾಸದಿಂದ ಆರಂಭಿಸಬಹುದು. ಮಂಚದ ಪಕ್ಕ ನಿಂತ ಮೇಲೆ ಮೊದಲ ಪ್ರಶ್ನೆಯನ್ನು ರೋಗಿಗೇ ಕೇಳಿ, ಅವರ ಉತ್ತರ ಮುಗಿಯುವವರೆಗೆ ಕಾಯಿರಿ. ಸಿದ್ಧಾಂತಗಳೆಲ್ಲ ಬೇರೆಬೇರೆ ದಾರಿಯಲ್ಲಿ ಬಂದು ಒತ್ತಾಯಿಸುವುದು ಇದನ್ನೇ. ಇದಕ್ಕೆ ಹೊಸ ಯಂತ್ರ ಬೇಡ, ಅನುದಾನ ಬೇಡ, ಮೇಲಿನವರ ಆದೇಶವೂ ಬೇಡ.